ಓದುಗರ ಪ್ರಶ್ನೆ, ನಮ್ಮ ಉತ್ತರ: ಮಣ್ಣಿಗೂ ಗಾಳಿಗೂ ಹೊರೆಯಾಗದ ಅಂತ್ಯಸಂಸ್ಕಾರ

ಅಂತ್ಯಸಂಸ್ಕಾರದಿಂದ ಪರಿಸರದ ಮೇಲಾಗುವ ಪರಿಣಾಮವನ್ನು ಕುರಿತು ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳ ಓದುಗರಿಂದ ಕೆಲವು ತಿಂಗಳುಗಳಿಂದ ಪತ್ರಗಳು ಬರುತ್ತಿವೆ. ಮನೆಯಲ್ಲಿ ಈ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ ಎಂದು ಹಲವರು ಬರೆದಿದ್ದಾರೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು ಎಪ್ಪತ್ತು ದಾಟಿದೆ. ನಮ್ಮ ಯಜಮಾನರು ತೀರಿಕೊಂಡಾಗ ಸೌದೆಯ ಚಿತೆಯಲ್ಲೇ ಸಂಸ್ಕಾರ ನಡೆಯಿತು. ನನ್ನ ಸಲುವಾಗಿ ಮರ ಕಡಿಯುವುದು ಬೇಡವೆಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ. ವಿದ್ಯುತ್ ಚಿತಾಗಾರವೇ ಸರಿ ಎಂದು ಮಗಳು ಹೇಳುತ್ತಾಳೆ. ಆ ವಿದ್ಯುತ್ತೂ ಕಲ್ಲಿದ್ದಲು ಸುಟ್ಟೇ ಬರುವುದಲ್ಲವೇ, ಅದರಲ್ಲೇನು ಹೆಚ್ಚಳ ಎಂದು ಅಳಿಯಂದಿರು ಕೇಳುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ?
– ಬಸವನಗುಡಿಯ ಓದುಗರು

ಉತ್ತರ: ಮಗಳ ಮಾತು ಸರಿ, ಅಳಿಯಂದಿರ ಪ್ರಶ್ನೆಯಲ್ಲೂ ಹುರುಳಿದೆ. ಬಯಲಲ್ಲಿ ಒಟ್ಟಿದ ಚಿತೆಯೊಂದಕ್ಕೆ ಸಾಮಾನ್ಯವಾಗಿ 400ರಿಂದ 600 ಕಿಲೋ ಸೌದೆ ಬೇಕಾಗುತ್ತದೆ. ಮಳೆಗಾಲದಲ್ಲಿ ಹಸಿ ಸೌದೆಯಾದರೆ ಇನ್ನೂ ಹೆಚ್ಚು. ಮನುಷ್ಯದೇಹದ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ ಆಗಿರುವುದರಿಂದ ಮೊದಲು ಆ ನೀರು ಆವಿಯಾಗಬೇಕು. ಬಯಲ ಬೆಂಕಿಯ ಶಾಖದ ಬಹುಪಾಲು ಸುತ್ತಲಿನ ಗಾಳಿಗೆ ಹಾರಿಹೋಗುವುದರಿಂದ ದೇಹಕ್ಕೆ ತಗಲುವ ಕಾವು ತೀರಾ ಕಡಿಮೆ, ಆ ಕೊರತೆಯನ್ನು ತುಂಬಲೆಂದೇ ಅಷ್ಟೊಂದು ಕಟ್ಟಿಗೆ ಪೇರಿಸಬೇಕಾಗುತ್ತದೆ. ಜತೆಗೆ ಸೌದೆ ಅರೆಬರೆ ಉರಿದಾಗ ಏಳುವ ಮಸಿ ಮತ್ತು ಸೂಕ್ಷ್ಮ ಕಣಗಳು ಸ್ಮಶಾನದ ಪಕ್ಕದ ಮನೆಗಳವರ ಶ್ವಾಸಕೋಶ ಸೇರುತ್ತವೆ. ಒಂದು ಕಾಲದಲ್ಲಿ ಊರಾಚೆ ಇದ್ದ ನಮ್ಮ ರುದ್ರಭೂಮಿಗಳೆಲ್ಲ ಈಗ ಬಡಾವಣೆಗಳ ನಟ್ಟನಡುವೆ ಇವೆ ಎಂಬುದನ್ನು ಮರೆಯಬಾರದು.

ವಿದ್ಯುತ್ ಚಿತಾಗಾರದಲ್ಲಿ ಶಾಖ ನಿರೋಧಕ ಇಟ್ಟಿಗೆಯ ಗೋಡೆಗಳು ಕಾವನ್ನು ಒಳಗೇ ಹಿಡಿದಿಡುತ್ತವೆ. ಒಳಗಿನ ಉಷ್ಣತೆ 800 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಅಳಿಯಂದಿರ ಪ್ರಶ್ನೆ ಇಲ್ಲಿಗೆ ಅನ್ವಯಿಸುತ್ತದೆ. ತಣ್ಣಗಿರುವ ಕುಲುಮೆಯನ್ನು ಕಾಯಿಸಲು ತಗಲುವ ವಿದ್ಯುತ್ತು ಬಹಳ. ಕಾದ ಕುಲುಮೆಯಲ್ಲಿ ಒಂದರ ಹಿಂದೊಂದು ಸಂಸ್ಕಾರಗಳು ನಡೆದರೆ ಆ ವೆಚ್ಚ ಹಂಚಿಹೋಗುತ್ತದೆ, ದಿನಕ್ಕೆ ಒಂದೇ ನಡೆದರೆ ಅಷ್ಟೂ ಒಂದೇ ದೇಹದ ಲೆಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಹೆಚ್ಚು ಬಳಕೆಯಲ್ಲಿರುವ ಚಿತಾಗಾರವೇ ಪರಿಸರದ ದೃಷ್ಟಿಯಿಂದ ಮೇಲು. ಇನ್ನು ವಿದ್ಯುತ್ತಿನ ಮೂಲದ ಮಾತು. ಕರ್ನಾಟಕದಲ್ಲಿ ರಾಯಚೂರು, ಬಳ್ಳಾರಿಗಳ ಉಷ್ಣಸ್ಥಾವರಗಳಿರುವಂತೆ ಶರಾವತಿಯ ಜಲವಿದ್ಯುತ್ತೂ ಇದೆ, 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡದ ಸೌರ ಪಾರ್ಕೂ ಇದೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳೂ ಇವೆ. ವಿದ್ಯುತ್ತು ಹಸಿರಾದಷ್ಟೂ ಅದೇ ಕುಲುಮೆ ತಾನಾಗಿ ಹಸಿರಾಗುತ್ತದೆ. ಗ್ಯಾಸ್ ಚಿತಾಗಾರಕ್ಕೆ ಆ ಅವಕಾಶವಿಲ್ಲ. ಪಾಶ್ಚಾತ್ಯ ದೇಶಗಳ ಲೆಕ್ಕದ ಪ್ರಕಾರ ಒಂದು ಗ್ಯಾಸ್ ದಹನದಿಂದ ಸುಮಾರು 240 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಬೆಂಗಳೂರಿನಲ್ಲಿ ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳ, ಕಲ್ಪಳ್ಳಿ, ಸುಮನಹಳ್ಳಿ, ಮೇಡಿ ಅಗ್ರಹಾರ ಮೊದಲಾಗಿ ಹತ್ತಕ್ಕೂ ಹೆಚ್ಚು ಕಡೆ ವಿದ್ಯುತ್ ಚಿತಾಗಾರಗಳಿವೆ. 2019ರ ಜೂನ್ 10ರಂದು ಗಿರೀಶ ಕಾರ್ನಾಡರು ತೀರಿಕೊಂಡಾಗ, ಯಾವ ವಿಧಿಯೂ ಸರ್ಕಾರಿ ಗೌರವವೂ ಬೇಡವೆಂಬ ಅವರ ಇಚ್ಛೆಯಂತೆ, ಕಲ್ಪಳ್ಳಿಯ ಚಿತಾಗಾರದಲ್ಲಿ ಸದ್ದಿಲ್ಲದೆ ಸಂಸ್ಕಾರ ನಡೆದದ್ದು ಓದುಗರಿಗೆ ನೆನಪಿರಬಹುದು. ವಿಧಿ ಬೇಕೆನ್ನುವವರೂ ಚಿತಾಗಾರಕ್ಕೆ ಹಿಂಜರಿಯಬೇಕಾಗಿಲ್ಲ. ಕುಲುಮೆಯ ಬಾಗಿಲ ಮುಂದೆ ಹಳಿಗಳ ಮೇಲಿರುವ ತಳ್ಳುಗಾಡಿಯಲ್ಲಿ ದೇಹವನ್ನು ಮಲಗಿಸಿದ ಮೇಲೆ ಬಾಯಿಗೆ ಅಕ್ಕಿಕಾಳು ಹಾಕುವುದು, ಪ್ರದಕ್ಷಿಣೆ ಬರುವುದು, ಎದೆಯ ಮೇಲೆ ಕರ್ಪೂರ ಹಚ್ಚಿ ಕೊಳ್ಳಿ ಇಟ್ಟ ಶಾಸ್ತ್ರ ಮುಗಿಸುವುದು ಎಲ್ಲಕ್ಕೂ ಅಲ್ಲಿ ಅವಕಾಶವಿದೆ. ಪುರೋಹಿತರಿಗೂ ಈಗ ಅದು ರೂಢಿಯಾಗಿದೆ.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ದೇಹದ ಜತೆಗೆ ಒಳಗೆ ಹೋಗುವ ವಸ್ತುಗಳೇ ಹೊಗೆಯನ್ನು ವಿಷವಾಗಿಸುತ್ತವೆ. ಜರಿಯ ಪಾಲಿಯೆಸ್ಟರ್ ಸೀರೆ, ಪ್ಲಾಸ್ಟಿಕ್ ಎಳೆಗಳ ಹಾರ, ಥರ್ಮೊಕೋಲಿನ ಪುಷ್ಪಗುಚ್ಛ, ಸ್ಪಂಜಿನ ದಿಂಬು ಇವೆಲ್ಲ ಹೊರಗೇ ಉಳಿಯಬೇಕು. ಹತ್ತಿಯ ಬಿಳಿ ಬಟ್ಟೆ, ಬಾಳೆನಾರಿನಲ್ಲಿ ಕಟ್ಟಿದ ಹೂವು, ಬಿದಿರಿನ ಚಟ್ಟ ಸಾಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅದನ್ನು ಆಸ್ಪತ್ರೆಯಲ್ಲೇ ತೆಗೆಸಬೇಕು, ಏಕೆಂದರೆ ಕುಲುಮೆಯ ಕಾವಿಗೆ ಅದರ ಬ್ಯಾಟರಿ ಸಿಡಿಯುತ್ತದೆ. ಅಲ್ಲಿ ಕೆಲಸ ಮಾಡುವ ನೌಕರರ ಮೈಮೇಲಿನ ಅಪಾಯವನ್ನು ನಾವು ಯೋಚಿಸುವುದು ತೀರಾ ಕಡಿಮೆ. 2021ರ ಏಪ್ರಿಲ್–ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಕುಲುಮೆಗಳು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆಗಳನ್ನು ಸಿದ್ಧಪಡಿಸಬೇಕಾಯಿತು. ಆ ದಿನಗಳಲ್ಲಿ ಹಗಲಿರುಳು ದುಡಿದವರೂ ಇವರೇ.

ಪ್ರಶ್ನೆ: ನಮ್ಮದು ತುಮಕೂರು ಕಡೆಯ ಹಳ್ಳಿ. ಅಲ್ಲಿ ವಿದ್ಯುತ್ ಚಿತಾಗಾರವಿಲ್ಲ. ಸೌದೆಯ ಬದಲು ಬೆರಣಿ ಬಳಸಿದರೆ ಮರ ಉಳಿಯುತ್ತದಲ್ಲವೇ?
– ನಾಗರಭಾವಿಯ ಓದುಗರು

ಉತ್ತರ: ಮರ ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆಂದು ಹೇಳಲಾರೆ. ಉತ್ತರ ಭಾರತದ ಹಲವು ಊರುಗಳಲ್ಲಿ ಸಗಣಿಯನ್ನು ಯಂತ್ರದಲ್ಲಿ ಒತ್ತಿ ಮಾಡಿದ ದಿಮ್ಮಿಗಳನ್ನೂ, ನಾಗಪುರದಲ್ಲಿ ಕೃಷಿತ್ಯಾಜ್ಯದ ಇಟ್ಟಿಗೆಗಳನ್ನೂ ಚಿತೆಗೆ ಬಳಸುತ್ತಾರೆ. ಸಗಣಿ ಉರಿದಾಗ ಸೂಕ್ಷ್ಮ ಕಣಗಳು ಹೆಚ್ಚಾಗಿಯೇ ಏಳುತ್ತವೆ. ಹಳ್ಳಿಗೆ ಇದಕ್ಕಿಂತ ಒಳ್ಳೆಯ ದಾರಿ ಚಿತೆಯ ವಿನ್ಯಾಸವನ್ನೇ ಸುಧಾರಿಸುವುದು. ದೆಹಲಿಯ ಮೋಕ್ಷದಾ ಸಂಸ್ಥೆ 1990ರ ದಶಕದಿಂದ ರೂಪಿಸುತ್ತ ಬಂದಿರುವ ವ್ಯವಸ್ಥೆಯಲ್ಲಿ ಸೌದೆಯನ್ನು ನೆಲದಿಂದ ಎತ್ತರದ ಲೋಹದ ತಟ್ಟೆಯ ಮೇಲೆ ಜೋಡಿಸುತ್ತಾರೆ, ಕೆಳಗಿನಿಂದ ಗಾಳಿ ಆಡುತ್ತದೆ, ಮೇಲೆ ಹೊಗೆಗೂಡು ಇರುತ್ತದೆ, ಪಕ್ಕದ ತಗಡುಗಳು ಕಾವನ್ನು ಹಿಡಿಯುತ್ತವೆ. ಹೀಗೆ ಮಾಡಿದರೆ 150ರಿಂದ 200 ಕಿಲೋ ಸೌದೆಯಲ್ಲಿ ಸಂಸ್ಕಾರ ಮುಗಿಯುತ್ತದೆ. ಮಗ ತನ್ನ ಕೈಯಾರೆ ಕೊಳ್ಳಿ ಇಡುವ ಕ್ರಮವೂ ಉಳಿಯುತ್ತದೆ. ಗ್ರಾಮ ಪಂಚಾಯಿತಿಗಳು ಸ್ಮಶಾನಕ್ಕೆ ಕಾಂಪೌಂಡು ಕಟ್ಟಿಸುವಾಗಲೇ ಇಂಥದ್ದೊಂದನ್ನು ಹಾಕಿಸಬಹುದು. 1986ರಲ್ಲಿ ಆರಂಭವಾದ ಗಂಗಾ ಕ್ರಿಯಾ ಯೋಜನೆಯಡಿ ನದಿದಡದಲ್ಲಿ ಕಟ್ಟಿಸಿದ ಕೆಲವು ವಿದ್ಯುತ್ ಚಿತಾಗಾರಗಳು ಕರೆಂಟಿನ ಕೊರತೆಯಿಂದ ನಿಂತುಹೋದದ್ದನ್ನು ನೋಡಿದರೆ, ಪದೇ ಪದೇ ಕರೆಂಟು ಹೋಗುವ ಊರಿಗೆ ಸುಧಾರಿತ ಸೌದೆ ಚಿತೆಯೇ ನಂಬಿಕೆಗೆ ತಕ್ಕದ್ದು ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ನಾವು ಲಿಂಗಾಯತರು. ನಮ್ಮಲ್ಲಿ ಕ್ರಿಯಾಸಮಾಧಿಯೇ ಪದ್ಧತಿ. ಹೂಳುವುದರಿಂದ ಭೂಮಿ ವ್ಯರ್ಥವಾಗುತ್ತದೆ, ಅದು ಪರಿಸರಕ್ಕೆ ಒಳ್ಳೆಯದಲ್ಲ ಎಂದು ಕಾಲೇಜಿಗೆ ಹೋಗುವ ಮೊಮ್ಮಗ ವಾದಿಸುತ್ತಾನೆ. ಬಸವಾದಿ ಶರಣರ ಕಾಲದಿಂದ ಬಂದದ್ದನ್ನು ನಾವು ಬಿಡಬೇಕೇ?
– ರಾಜಾಜಿನಗರದ ಓದುಗರು

ಉತ್ತರ: ಬಿಡಬೇಕಾಗಿಲ್ಲ. ನಿಮ್ಮ ಮೊಮ್ಮಗನಿಗೆ ಇಷ್ಟು ಹೇಳಿ: ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದ ಸ್ಮಶಾನದಲ್ಲಿ 1993ರಲ್ಲಿ ‘ನೈಸರ್ಗಿಕ ಸಮಾಧಿ’ ಎಂಬ ಹೊಸ ಕ್ರಮ ಆರಂಭವಾಯಿತು. ದೇಹಕ್ಕೆ ರಾಸಾಯನಿಕ ತುಂಬುವಂತಿಲ್ಲ, ವಾರ್ನಿಷ್ ಹಚ್ಚಿದ ಪೆಟ್ಟಿಗೆ ಇಲ್ಲ, ಕಾಂಕ್ರೀಟಿನ ಗೋಡೆ ಇಲ್ಲ. ಕರಗುವ ಬಟ್ಟೆಯಲ್ಲಿ ಅಥವಾ ಸಾದಾ ಪೆಟ್ಟಿಗೆಯಲ್ಲಿ ದೇಹವನ್ನು ಮಣ್ಣಿಗೆ ಒಪ್ಪಿಸಿ ಮೇಲೊಂದು ಮರ ನೆಡುತ್ತಾರೆ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1998ರಲ್ಲಿ ಇದೇ ರೀತಿಯ ಸಮಾಧಿವನವೊಂದು ತೆರೆಯಿತು. ಪಾಶ್ಚಾತ್ಯರು ಇಂದು ಹಣ ಕೊಟ್ಟು ಬಯಸುವ ಈ ಸರಳತೆ ನಿಮ್ಮ ಪದ್ಧತಿಯಲ್ಲಿ ಮೊದಲಿನಿಂದಲೂ ಇದೆ. ಗುಂಡಿಯ ಗೂಡಿನಲ್ಲಿ ದೇಹವನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಸುತ್ತ ತುಂಬಿ ಮಣ್ಣು ಮುಚ್ಚುವಾಗ ಅಲ್ಲಿ ಮಣ್ಣಿಗೆ ಹೊರೆಯಾಗುವ ವಸ್ತು ಯಾವುದೂ ಇರುವುದಿಲ್ಲ. ಕುಳಿತ ಭಂಗಿಯ ಸಮಾಧಿಗೆ ಮಲಗಿಸಿದ ಸಮಾಧಿಗಿಂತ ಕಡಿಮೆ ಜಾಗ ಸಾಕು. ಮುಸಲ್ಮಾನರ ಕಫನ್ ಪದ್ಧತಿಯೂ ಇಂಥದ್ದೇ. ಹೊಲಿಗೆಯಿಲ್ಲದ ಹತ್ತಿಯ ಬಟ್ಟೆ ಮತ್ತು ಮಣ್ಣು, ಅಷ್ಟೇ.

ತೊಂದರೆ ಬರುವುದು ಆಮೇಲೆ. ವರ್ಷ ತುಂಬುವುದರೊಳಗೆ ಸಿಮೆಂಟಿನ ಕಟ್ಟೆ ಏಳುತ್ತದೆ, ಅದಕ್ಕೆ ಗ್ರಾನೈಟ್ ಹೊದಿಕೆ ಬರುತ್ತದೆ, ಅನುಕೂಲಸ್ಥರಾದರೆ ಮೇಲೊಂದು ಮಂಟಪವೂ ಬರುತ್ತದೆ. ಬರಿಯ ಮಣ್ಣಿನ ಸಮಾಧಿಯ ಜಾಗ ಕೆಲವು ವರ್ಷಗಳ ನಂತರ ಇನ್ನೊಬ್ಬರಿಗೆ ಒದಗುತ್ತದೆ, ಕಟ್ಟಡದ ಕೆಳಗಿನ ಜಾಗ ಶಾಶ್ವತವಾಗಿ ಕೈತಪ್ಪುತ್ತದೆ. ಚಾಮರಾಜಪೇಟೆಯಿಂದ ಮೈಸೂರು ರಸ್ತೆಯವರೆಗಿನ ಹಳೆಯ ರುದ್ರಭೂಮಿಗಳಲ್ಲಿ ಒಮ್ಮೆ ಸುತ್ತಾಡಿದರೆ ಭೂಮಿ ಎಲ್ಲಿ ಹೋಯಿತೆಂಬುದು ಕಣ್ಣಿಗೇ ಕಾಣುತ್ತದೆ. ನಿಮ್ಮ ಮನೆತನ ಗದ್ದುಗೆ ಕಟ್ಟುವುದನ್ನು ಬಿಟ್ಟು, ತಲೆಯ ದಿಕ್ಕಿನಲ್ಲಿ ಒಂದು ಚಿಕ್ಕ ಕಲ್ಲನ್ನೋ ಬಿಲ್ವದ ಸಸಿಯನ್ನೋ ನೆಟ್ಟರೆ ಮೊಮ್ಮಗನ ಆಕ್ಷೇಪಕ್ಕೆ ಪೂರ್ತಿ ಉತ್ತರ ಸಿಕ್ಕಂತಾಗುತ್ತದೆ. ಹಳ್ಳಿಯ ಸ್ವಂತ ಹೊಲದಲ್ಲಿ ಮಣ್ಣು ಮಾಡುವುದಾದರೆ ಕುಡಿಯುವ ನೀರಿನ ಬಾವಿ, ಕೊಳವೆಬಾವಿ, ಕೆರೆಯ ಅಂಗಳಗಳಿಂದ ಸಾಕಷ್ಟು ದೂರವಿರಬೇಕು, ಗುಂಡಿಯ ತಳ ಅಂತರ್ಜಲ ಮುಟ್ಟಬಾರದು. ನಗರದ ಎಲ್ಲೆಯೊಳಗೆ ಮಾತ್ರ ಅನುಮತಿ ಪಡೆದ ರುದ್ರಭೂಮಿಯ ಹೊರಗೆ, ಅದು ನಿಮ್ಮ ಸ್ವಂತ ನಿವೇಶನವೇ ಆಗಿದ್ದರೂ, ಹೂಳುವಂತಿಲ್ಲ.

ಪ್ರಶ್ನೆ: ನಾವು ಕ್ಯಾಥೊಲಿಕರು. ಸ್ಮಶಾನದಲ್ಲಿ ಹೊಸ ಗೋರಿಗೆ ಜಾಗವಿಲ್ಲ ಎನ್ನುತ್ತಾರೆ. ದಹನವನ್ನು ಧರ್ಮಸಭೆ ಒಪ್ಪುತ್ತದೆಯೇ?
– ಕುಕ್ ಟೌನಿನ ಓದುಗರು

ಉತ್ತರ: ಒಪ್ಪುತ್ತದೆ. ಕ್ಯಾಥೊಲಿಕ್ ಧರ್ಮಸಭೆ 1963ರಲ್ಲೇ ದಹನದ ಮೇಲಿನ ನಿಷೇಧವನ್ನು ಸಡಿಲಿಸಿತು. ಹೂಳುವುದಕ್ಕೆ ಇಂದಿಗೂ ಮೊದಲ ಆದ್ಯತೆ ಇದೆಯಾದರೂ ದಹನ ತಪ್ಪಲ್ಲ. 2016ರಲ್ಲಿ ವ್ಯಾಟಿಕನ್ ನೀಡಿದ ಸೂಚನೆಯಂತೆ ಅಸ್ಥಿಯನ್ನು ಗಾಳಿಗೆ ತೂರುವಂತಿಲ್ಲ, ನೀರಿಗೆ ಬಿಡುವಂತಿಲ್ಲ, ಪವಿತ್ರವೆನಿಸಿದ ಸ್ಥಳದಲ್ಲಿ ಇರಿಸಬೇಕು. ಒಂದು ಗೋರಿಯಷ್ಟು ಜಾಗದಲ್ಲಿ ಹಲವರ ಅಸ್ಥಿಗಳನ್ನು ಇರಿಸಬಹುದಾದ್ದರಿಂದ ನಿಮ್ಮ ಸಮಸ್ಯೆಗೆ ಅಲ್ಲೇ ಪರಿಹಾರವಿದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಕೇರಳದ ಆಲಪ್ಪುಳ ಧರ್ಮಪ್ರಾಂತ್ಯ ಮೃತರನ್ನು ದಹಿಸಿ ಅಸ್ಥಿಯನ್ನು ಚರ್ಚಿನ ಸ್ಮಶಾನದಲ್ಲೇ ಮಣ್ಣು ಮಾಡಿತ್ತು. ಹೂಳುವುದೇ ನಿಮ್ಮ ಇಷ್ಟವಾದರೆ ಕುಟುಂಬದ ಹಳೆಯ ಗೋರಿಯನ್ನೇ ಮತ್ತೆ ತೆರೆಯುವ ಬಗ್ಗೆ ಪಾದ್ರಿಗಳ ಬಳಿ ಕೇಳಿ. ಪೆಟ್ಟಿಗೆ ಅಗ್ಗದ ಮರದ್ದಾಗಿರಲಿ. ಬಣ್ಣ, ವಾರ್ನಿಷ್, ಒಳಗಿನ ಸ್ಯಾಟಿನ್ ಹೊದಿಕೆ, ಲೋಹದ ಹಿಡಿಕೆಗಳು ಬೇಡ. ದೇಹವನ್ನು ವಿಮಾನದಲ್ಲಿ ಸಾಗಿಸುವ ಅಗತ್ಯವಿಲ್ಲದಿದ್ದರೆ ಅದು ಕೆಡದಂತೆ ಫಾರ್ಮಾಲಿನ್ ರಾಸಾಯನಿಕ ತುಂಬಿಸುವುದೂ ಬೇಡ, ಬಂಧುಗಳು ಬರುವವರೆಗೆ ಫ್ರೀಜರ್ ಪೆಟ್ಟಿಗೆ ಸಾಕು.

ಪ್ರಶ್ನೆ: ನೀರಿನಲ್ಲಿ ಕರಗಿಸುವ ‘ಜಲದಹನ’, ದೇಹವನ್ನು ಗೊಬ್ಬರವಾಗಿಸುವ ಕ್ರಮ, ಅಣಬೆಯ ಉಡುಪು ಇವುಗಳ ಬಗ್ಗೆ ಇಂಟರ್‌ನೆಟ್‌ನಲ್ಲಿ ಓದಿದೆ. ಇವು ಬೆಂಗಳೂರಿಗೆ ಯಾವಾಗ ಬರುತ್ತವೆ? ನಾನು ಮೂವತ್ತರ ಹರೆಯದವನು, ಕಾಯಲು ಸಿದ್ಧ.
– ಎಚ್‌ಎಸ್‌ಆರ್ ಬಡಾವಣೆಯ ಓದುಗರು

ಉತ್ತರ: ಸದ್ಯಕ್ಕೆ ಇವು ಯಾವುವೂ ನಮ್ಮಲ್ಲಿ ಸಾರ್ವಜನಿಕರಿಗೆ ಲಭ್ಯವಿಲ್ಲ. ಆದರೂ ಪ್ರತಿಯೊಂದರ ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಬೆಂಗಳೂರಿಗೆ ಯಾವುದು ಹೊಂದುತ್ತದೆಂದು ನೀವೇ ತೂಗಿ ನೋಡಬಹುದು.

ಜಲದಹನದಲ್ಲಿ ದೇಹವನ್ನು ಉಕ್ಕಿನ ಕೊಳವೆಯಂಥ ಪಾತ್ರೆಯಲ್ಲಿಟ್ಟು ಸುಮಾರು 95 ಪಾಲು ನೀರು, 5 ಪಾಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರದ ದ್ರಾವಣ ತುಂಬುತ್ತಾರೆ. ಒತ್ತಡದೊಂದಿಗೆ 150 ಡಿಗ್ರಿಗೆ ಕಾಯಿಸಿದರೆ ನಾಲ್ಕಾರು ಗಂಟೆಯಲ್ಲಿ, ಒತ್ತಡವಿಲ್ಲದೆ ಕುದಿಬಿಂದುವಿನ ಹತ್ತಿರ ಕಾಯಿಸಿದರೆ ಹದಿನೈದು ಗಂಟೆಯ ಆಸುಪಾಸಿನಲ್ಲಿ ಮಾಂಸಖಂಡ, ಕೊಬ್ಬು ಎಲ್ಲವೂ ಕರಗಿ ಮೂಳೆ ಮಾತ್ರ ಉಳಿಯುತ್ತದೆ. ಅದನ್ನು ಒಣಗಿಸಿ ಪುಡಿ ಮಾಡಿ ಮನೆಯವರಿಗೆ ಕೊಡುತ್ತಾರೆ. ಮಣ್ಣಿನಲ್ಲಿ ವರ್ಷಗಟ್ಟಲೆ ನಡೆಯುವ ಕ್ರಿಯೆಯನ್ನೇ ಇಲ್ಲಿ ಗಂಟೆಗಳಿಗೆ ಇಳಿಸಿದ್ದಾರೆ. ಪ್ರಾಣಿಗಳ ಕಳೇಬರದಿಂದ ಗೊಬ್ಬರ ತಯಾರಿಸಲೆಂದು ಅಮೆರಿಕದಲ್ಲಿ ಇದಕ್ಕೆ ಮೊದಲ ಪೇಟೆಂಟ್ ಸಿಕ್ಕಿದ್ದು 1888ರಲ್ಲೇ. ದಕ್ಷಿಣ ಆಫ್ರಿಕದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2021ರ ಡಿಸೆಂಬರ್ 26ರಂದು ನಿಧನರಾದಾಗ ಅವರ ಅಪೇಕ್ಷೆಯಂತೆ ಇದೇ ಕ್ರಮವನ್ನು ಅನುಸರಿಸಿ, ಕೇಪ್‌ಟೌನಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಅಸ್ಥಿಯನ್ನು ಇರಿಸಲಾಯಿತು. ಬೆಂಕಿಯ ದಹನಕ್ಕೆ ಹೋಲಿಸಿದರೆ ಇದಕ್ಕೆ ಬೇಕಾಗುವ ಶಕ್ತಿ ಬಹಳ ಕಡಿಮೆ, ಹೊಗೆಯೇ ಇಲ್ಲ, ಹಲ್ಲಿಗೆ ತುಂಬಿದ ಪಾದರಸ ಗಾಳಿಗೆ ಸೇರುವುದಿಲ್ಲ.

ಆದರೆ ಬೆಂಗಳೂರಿನ ಮಟ್ಟಿಗೆ ಎರಡು ಸಂದೇಹಗಳಿವೆ. ಒಂದೊಂದು ಸಲಕ್ಕೂ ನೂರಾರು ಲೀಟರ್‌ನಿಂದ ಸಾವಿರ ಲೀಟರ್‌ಗೂ ಮೀರಿ ನೀರು ಬೇಕು. ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರನ್ನು ಎತ್ತಿ ತರುವ, 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಪರದಾಡಿದ ನಗರದಲ್ಲಿ ಅದನ್ನು ಸಂಸ್ಕರಿಸಿದ ನೀರಿನಿಂದಲೇ ಹೊಂದಿಸಬೇಕಾಗುತ್ತದೆ. ಕೊನೆಗೆ ಉಳಿಯುವ ದ್ರವದಲ್ಲಿ ರೋಗಾಣುಗಳು ಇರುವುದಿಲ್ಲವಾದರೂ ಅದು ಕಡು ಕ್ಷಾರೀಯವಾಗಿರುತ್ತದೆ, ಸಾವಯವ ಅಂಶ ಅದರಲ್ಲಿ ಹೇರಳವಾಗಿರುತ್ತದೆ. ಅದನ್ನು ಹದಗೊಳಿಸಿ ಸರಿಯಾಗಿ ನಡೆಯುವ ಶುದ್ಧೀಕರಣ ಘಟಕಕ್ಕೇ ಬಿಡಬೇಕು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಬಂದದ್ದನ್ನು ಕಂಡ ನಾವು ಆ ಖಾತರಿಯನ್ನು ಮೊದಲು ಕೇಳಬೇಕು.

ಗೊಬ್ಬರವಾಗಿಸುವ ಕ್ರಮವನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ಮೊದಲಿಗೆ ಕಾನೂನುಬದ್ಧಗೊಳಿಸಿತು; ಕ್ಯಾಟ್ರಿನಾ ಸ್ಪೇಡ್ ಎಂಬವರ ‘ರೀಕಂಪೋಸ್’ ಸಂಸ್ಥೆ 2020ರ ಕೊನೆಯಲ್ಲಿ ಸಿಯಾಟಲ್ ಬಳಿ ಕೆಲಸ ಆರಂಭಿಸಿತು. ಕೊಲೊರಾಡೊ, ಆರೆಗಾನ್, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳೂ ನಂತರ ಒಪ್ಪಿಗೆ ಕೊಟ್ಟವು. ಮುಚ್ಚಿದ ತೊಟ್ಟಿಯಲ್ಲಿ ಮರದ ಚಕ್ಕೆ, ಒಣಹುಲ್ಲು, ಕುದುರೆ ಮೆಂತೆಯ ಸೊಪ್ಪಿನ ನಡುವೆ ದೇಹವನ್ನು ಮಲಗಿಸಿ ಗಾಳಿ ಆಡಿಸುತ್ತಾರೆ. ಸೂಕ್ಷ್ಮಜೀವಿಗಳ ಕೆಲಸದಿಂದಲೇ ಒಳಗೆ 55 ಡಿಗ್ರಿಗೂ ಮೀರಿ ಕಾವು ಏರಿ ರೋಗಾಣುಗಳು ಸಾಯುತ್ತವೆ. ಐದರಿಂದ ಏಳು ವಾರಗಳಲ್ಲಿ ದೇಹ ಮಣ್ಣಾಗುತ್ತದೆ, ಆಮೇಲೆ ಕೆಲವು ವಾರ ಆ ಮಣ್ಣು ಪಕ್ವವಾಗಲು ಬಿಡುತ್ತಾರೆ. ಒಟ್ಟು ಸುಮಾರು ಮುಕ್ಕಾಲು ಘನಮೀಟರ್ ಗೊಬ್ಬರ ದೊರೆಯುತ್ತದೆ. ಕ್ಷಯದಂಥ ಕೆಲವು ಕಾಯಿಲೆಗಳಿಂದ ಸತ್ತವರನ್ನು ಸ್ವೀಕರಿಸುವುದಿಲ್ಲ. ತಿಪ್ಪೆಯ ಶಾಸ್ತ್ರ ಬಲ್ಲ ನಮ್ಮ ರೈತನಿಗೆ ಇದರ ವಿಜ್ಞಾನ ವಿವರಿಸಬೇಕಾದದ್ದೇ ಇಲ್ಲ. ಹಿರಿಯರ ದೇಹವನ್ನು ಗೊಬ್ಬರವೆಂದು ಕರೆಯಲು ಮನಸ್ಸು ಒಪ್ಪಬೇಕಷ್ಟೆ, ಅದಕ್ಕೆ ಕಾಲ ಬೇಕು. ದೇಹ ಮಣ್ಣಿನಲ್ಲಿ ಬೇಗ ಕರಗಲೆಂದು ಅಣಬೆಯ ಬೀಜಕಣ ಸೇರಿಸಿ ಹೊಲಿದ ಉಡುಪನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರಿಯ ಮಣ್ಣಿನಲ್ಲಿ ಈಗಾಗಲೇ ಇರುವ ಸೂಕ್ಷ್ಮಜೀವಿಗಳೇ ಆ ಕೆಲಸಕ್ಕೆ ಸಾಕು. ದ್ರವ ಸಾರಜನಕದಲ್ಲಿ ದೇಹವನ್ನು ಹೆಪ್ಪುಗಟ್ಟಿಸಿ ಪುಡಿ ಮಾಡುವ ಸ್ವೀಡನ್ನಿನ ಯೋಜನೆಯಂತೂ ಮನುಷ್ಯರ ಮಟ್ಟಿಗೆ ಕಾರ್ಯರೂಪಕ್ಕೇ ಬರಲಿಲ್ಲ. ಕಾಯಲು ಸಿದ್ಧರಿರುವ ನೀವು, ಕಾಯುವಷ್ಟು ಕಾಲ ನಗರದ ಅಂಚಿನಲ್ಲಿ ಒಂದು ಸಮಾಧಿವನಕ್ಕಾಗಿ ನಿಮ್ಮ ಪಾಲಿಕೆಗೆ ಅರ್ಜಿ ಹಾಕುವುದು ಹೆಚ್ಚು ಫಲಕಾರಿ. ಅದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ದೇಹದಾನ ಮಾಡಬೇಕೆಂದಿದ್ದಾರೆ. ಅದರ ನಿಯಮಗಳೇನು? ಅದು ಪರಿಸರಕ್ಕೂ ಒಳ್ಳೆಯದೇ?
– ಮಲ್ಲೇಶ್ವರದ ಓದುಗರು

ಉತ್ತರ: ಪರಿಸರದ ಕಾರಣಕ್ಕಾಗಿಯೇ ದೇಹದಾನ ಮಾಡಬೇಕಾಗಿಲ್ಲ. ದೇಹವನ್ನು ಕೆಡದಂತೆ ಇಡಲು ಫಾರ್ಮಾಲಿನ್ ಬಳಸುತ್ತಾರೆ, ಕಲಿಕೆ ಮುಗಿದ ಮೇಲೆ ಉಳಿದದ್ದನ್ನು ಕಾಲೇಜಿನವರೇ ದಹಿಸುತ್ತಾರೆ ಅಥವಾ ಹೂಳುತ್ತಾರೆ. ಅದರ ಫಲ ಬೇರೆಯದು. ಮುಂದೆ ಸಾವಿರಾರು ರೋಗಿಗಳನ್ನು ಮುಟ್ಟಲಿರುವ ಕೈಗಳು ಮೊದಲ ಪಾಠ ಕಲಿಯುವುದು ಆ ದೇಹದ ಮೇಲೆ. ಬೆಳಗಾವಿಯ ಆಯುರ್ವೇದ ಕಾಲೇಜಿನ ಪ್ರಾಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ತಮ್ಮ ತಂದೆಯವರ ಇಚ್ಛೆಯಂತೆ ಅವರ ದೇಹವನ್ನು ತಾವೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದ್ದು ನಮ್ಮ ನಾಡಿನಲ್ಲಿ ದೇಹದಾನದ ಅರಿವನ್ನು ಬಹಳ ಹೆಚ್ಚಿಸಿತು.

ಬೆಂಗಳೂರು ವೈದ್ಯಕೀಯ ಕಾಲೇಜು, ಸೇಂಟ್ ಜಾನ್ಸ್, ಎಂ. ಎಸ್. ರಾಮಯ್ಯ ಮೊದಲಾದ ವೈದ್ಯಕೀಯ ಕಾಲೇಜುಗಳ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಇದಕ್ಕೆ ಅರ್ಜಿ ನಮೂನೆ ಸಿಗುತ್ತದೆ. ಸಾಕ್ಷಿಗಳ ಸಹಿ ಬೇಕು, ಸಾಕ್ಷಿಗಳಲ್ಲಿ ಹತ್ತಿರದ ಬಂಧುವೊಬ್ಬರು ಇದ್ದರೆ ಒಳ್ಳೆಯದು. ಮರಣೋತ್ತರ ಪರೀಕ್ಷೆಯಾದ ದೇಹ, ಅಪಘಾತದಲ್ಲಿ ಛಿದ್ರವಾದ ದೇಹ, ಎಚ್‌ಐವಿ ಅಥವಾ ಹೆಪಟೈಟಿಸ್‌ನಂಥ ಸೋಂಕಿದ್ದ ದೇಹ, ಕೊಳೆಯಲು ತೊಡಗಿದ ದೇಹವನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಮೂತ್ರಪಿಂಡ, ಯಕೃತ್ತುಗಳಂಥ ಅಂಗಗಳನ್ನು ದಾನ ಮಾಡಿದ ಮೇಲೆ ಉಳಿದ ದೇಹ ಛೇದನ ಪಾಠಕ್ಕೆ ಒದಗುವುದಿಲ್ಲ. ಅಂಗದಾನಕ್ಕೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಅಂಗಾಂಶ ಸಂಗ್ರಹಾಲಯವೊಂದಿದೆ, ಸಂಶೋಧನೆಗೆಂದು ಮಿದುಳನ್ನು ಅಲ್ಲಿಗೆ ದಾನ ಕೊಡಬಹುದು.

ದೇಹದಾನ ಆಗಲಿ ಬಿಡಲಿ, ಸುಡಲಿ ಹೂಳಲಿ, ನೇತ್ರದಾನಕ್ಕೆ ಯಾವುದೂ ಅಡ್ಡಿಯಲ್ಲ. ಡಾ. ರಾಜ್‌ಕುಮಾರ್ 2006ರಲ್ಲಿ, ಅವರ ಮಗ ಪುನೀತ್ 2021ರಲ್ಲಿ ಕಣ್ಣು ಕೊಟ್ಟು ಹೋದರು. ಪುನೀತ್ ಅವರ ಎರಡು ಕಾರ್ನಿಯಾಗಳ (ಕಣ್ಣಿನ ಮುಂಭಾಗದ ಪಾರದರ್ಶಕ ಭಾಗ) ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಜೋಡಿಸಲಾಯಿತು. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಜೀವ ಹೋದ ಕೂಡಲೇ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ಆರಿಸಿ, ಆಮೇಲೆ ನೇತ್ರಬ್ಯಾಂಕಿಗೆ ಫೋನ್ ಮಾಡಿ. ತಂಡದವರು ಮನೆಗೇ ಬರುತ್ತಾರೆ, ಮುಖ ವಿಕಾರವಾಗುವುದಿಲ್ಲ.

ಪ್ರಶ್ನೆ: ಅಸ್ಥಿಯನ್ನು ನದಿಗೆ ಬಿಡುವ ಬದಲು ಮನೆಯ ಹಿತ್ತಲಲ್ಲಿ ಗಿಡಕ್ಕೆ ಹಾಕಬಹುದೇ?
– ಜೆ. ಪಿ. ನಗರದ ಓದುಗರು

ಉತ್ತರ: ಹಾಕಬಹುದು, ನೇರವಾಗಿ ಬೇಡ. ದಹನದ ನಂತರ ಉಳಿಯುವುದು ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಅದು ತೀರಾ ಕ್ಷಾರೀಯ, ಉಪ್ಪಿನ ಅಂಶವೂ ಹೆಚ್ಚು, ಬೇರಿಗೆ ತಾಗಿದರೆ ಸಸಿ ಸುಟ್ಟಂತೆ ಒಣಗುತ್ತದೆ. ಹಲವು ಪಟ್ಟು ಮಣ್ಣು ಮತ್ತು ಎಲೆಗೊಬ್ಬರದೊಂದಿಗೆ ಬೆರೆಸಿ, ಅಗಲವಾದ ಪಾತಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹರಡಿ, ಚೆನ್ನಾಗಿ ಬೇರೂರಿದ ಗಿಡವನ್ನೇ ಆರಿಸಿಕೊಳ್ಳಿ. ನದಿಯಲ್ಲೇ ಬಿಡಬೇಕೆಂದು ಹಿರಿಯರು ಹಟ ಹಿಡಿದರೆ ಅದರಲ್ಲಿ ದೊಡ್ಡ ಹಾನಿಯೇನಿಲ್ಲ, ಒಬ್ಬರ ಅಸ್ಥಿಯಿಂದ ಕಾವೇರಿ ಕೆಡುವುದಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ದಡಕ್ಕೆ ಸಿಕ್ಕಿಕೊಂಡು ಕೊಳೆಯುವುದು ಅಸ್ಥಿಯ ಜತೆ ಬಂದ ಪ್ಲಾಸ್ಟಿಕ್ ಚೀಲ, ಮೃತರ ಬಟ್ಟೆ, ಹಾಸಿಗೆ, ಫೋಟೊದ ಗಾಜು, ಹಾರಗಳು. ಮಡಕೆಯನ್ನೂ ಬಟ್ಟೆಯನ್ನೂ ಹಿಂದಕ್ಕೆ ತನ್ನಿ.

ಪ್ರಶ್ನೆ: ಪಾರ್ಸಿಗಳ ಕ್ರಮವೇ ಎಲ್ಲಕ್ಕಿಂತ ಪ್ರಕೃತಿಗೆ ಹತ್ತಿರವಲ್ಲವೇ?
– ಜಯಮಹಲ್ ಬಡಾವಣೆಯ ಓದುಗರು

ಉತ್ತರ: ಮೃತದೇಹವನ್ನು ಎತ್ತರದ ಗೋಪುರದ ಮೇಲಿಟ್ಟು ರಣಹದ್ದುಗಳಿಗೆ ಒಪ್ಪಿಸುವುದು ಅವರ ಕ್ರಮ. ಆ ಹದ್ದುಗಳಿದ್ದಷ್ಟು ಕಾಲ ಹೌದು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ ಕಳೇಬರದ ಮೂಲಕ ಹದ್ದುಗಳ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿದ್ದರಿಂದ 1990ರ ದಶಕದಿಂದೀಚೆಗೆ ಕೆಲವು ಪ್ರಭೇದಗಳ ಸಂಖ್ಯೆ ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು 2006ರಲ್ಲಿ ನಿಷೇಧಿಸಿದರೂ ಹದ್ದುಗಳು ಹಿಂದಿನಂತೆ ಮರಳಲಿಲ್ಲ. ಹಾಗಾಗಿ ಮುಂಬಯಿಯ ಪಾರ್ಸಿಗಳು ಸೂರ್ಯನ ಕಿರಣಗಳನ್ನು ದೇಹದ ಮೇಲೆ ಕೇಂದ್ರೀಕರಿಸುವ ಕನ್ನಡಿಗಳ ಮೊರೆಹೋದರು, ಕೆಲವರು ದಹನಕ್ಕೆ ಒಪ್ಪಿಕೊಂಡರು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದರೂ ಅಲ್ಲಿ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು ಮಾತ್ರ.

ಪ್ರಶ್ನೆ: ನಾನು ನನ್ನ ಇಚ್ಛೆಯನ್ನು ಉಯಿಲಿನಲ್ಲಿ ಬರೆದಿಟ್ಟರೆ ಮಕ್ಕಳು ಪಾಲಿಸಲೇಬೇಕಲ್ಲವೇ?
– ವಿಜಯನಗರದ ಓದುಗರು

ಉತ್ತರ: ಉಯಿಲು ಆಸ್ತಿಗೆ ಸಂಬಂಧಿಸಿದ್ದು. ದೇಹವನ್ನು ಏನು ಮಾಡಬೇಕೆಂಬ ತೀರ್ಮಾನ ವಾಸ್ತವದಲ್ಲಿ ಹತ್ತಿರದ ಬಂಧುಗಳ ಕೈಯಲ್ಲೇ ಇರುತ್ತದೆ. ದೇಹದಾನದ ಪತ್ರಕ್ಕೆ ನೀವು ಸಹಿ ಮಾಡಿದ್ದರೂ ಮನೆಯವರು ಒಪ್ಪದಿದ್ದರೆ ಕಾಲೇಜಿನವರು ಒತ್ತಾಯಿಸುವುದಿಲ್ಲ. ಅದೂ ಅಲ್ಲದೆ ಉಯಿಲು ತೆರೆದು ಓದುವ ಹೊತ್ತಿಗೆ ತಿಥಿಯೂ ಮುಗಿದಿರುತ್ತದೆ. ಆದ್ದರಿಂದ ಬಿಳಿ ಹಾಳೆಯೊಂದರಲ್ಲಿ ನಿಮ್ಮ ಇಚ್ಛೆಯನ್ನು ಸರಳವಾಗಿ ಬರೆಯಿರಿ: ಯಾವ ಚಿತಾಗಾರ ಅಥವಾ ಎಲ್ಲಿ ಮಣ್ಣು, ಯಾವ ಬಟ್ಟೆ, ಸಮಾಧಿಗೆ ಸಿಮೆಂಟು ಬೇಡ, ಕಣ್ಣು ಕೊಡಬೇಕು, ಅಸ್ಥಿಯನ್ನು ಏನು ಮಾಡಬೇಕು, ಯಾರಿಗೆ ಮೊದಲು ಫೋನ್ ಮಾಡಬೇಕು. ಅದರ ಪ್ರತಿಗಳನ್ನು ಮಕ್ಕಳಿಗೂ, ಮಕ್ಕಳ ಮಾತನ್ನು ಗಟ್ಟಿಯಾಗಿ ನಿಂತು ನಡೆಸಬಲ್ಲ ಒಬ್ಬ ಬಂಧುವಿಗೂ ಕೊಡಿ. ಸಾವಿನ ಮನೆಯಲ್ಲಿ ನಿರ್ಧಾರ ಮಾಡುವವರು ಎಷ್ಟೋ ಸಲ ಮಕ್ಕಳಾಗಿರುವುದಿಲ್ಲ, ಮೊದಲು ಬಂದು ಕುಳಿತ ಹಿರಿಯ ನೆಂಟರಾಗಿರುತ್ತಾರೆ. ಅವರ ಕಿವಿಗೂ ಈ ಮಾತು ಮೊದಲೇ ಬಿದ್ದಿರಬೇಕು, ಹಬ್ಬಕ್ಕೋ ಮದುವೆಗೋ ಸೇರಿದಾಗ ನೀವೇ ಹೇಳಬಹುದು. ಹಾಳೆಯನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ಆಧಾರ್ ಕಾರ್ಡಿನ ಪ್ರತಿ ಮತ್ತು ನಿಮ್ಮನ್ನು ನೋಡುವ ವೈದ್ಯರ ಫೋನ್ ನಂಬರಿನ ಜತೆಯಲ್ಲೇ ಇಡಿ, ಏಕೆಂದರೆ ಮನೆಯಲ್ಲಿ ಮರಣವಾದರೆ ಆ ವೈದ್ಯರ ಪ್ರಮಾಣಪತ್ರವಿಲ್ಲದೆ ಚಿತಾಗಾರದಲ್ಲಿ ಹೆಸರು ಬರೆದುಕೊಳ್ಳುವುದಿಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಲೂ ಅದೇ ಕಾಗದ ಬೇಕಾಗುತ್ತದೆ.